ಮಲೆನಾಡಿನ ಮೇಷ್ಟ್ರಿಗೆ ಏನು ತರಬೇತಿ ಬೇಕು ಅಂತ ಯಾರು ತೀರ್ಮಾನಿಸಬೇಕು?

ಶಿಕ್ಷಕರ ತರಬೇತಿಯನ್ನು ಜಿಲ್ಲೆಗೇ ಬಿಟ್ಟುಕೊಟ್ಟರೆ ಏನು ಬದಲಾಗುತ್ತದೆ ಎಂದು ಕೇಳಿದ್ದೀರಿ. ಮೊದಲು ನಮ್ಮ ಕಡೆಯ ಶಾಲೆ ಹೇಗಿರುತ್ತದೆ ಅಂತ ಹೇಳುತ್ತೇನೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಪಶ್ಚಿಮದ ಅಂಚು. ಘಟ್ಟ ಇಳಿದರೆ ಉಡುಪಿ ಜಿಲ್ಲೆ. ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮನೆ, ಹಾಗಾಗಿ ಶಾಲೆಗಳೂ ಚಿಕ್ಕವು. ಎಷ್ಟೋ ಕಡೆ ಒಂದರಿಂದ ಐದನೇ ತರಗತಿಗೆ ಇರುವುದು ಒಬ್ಬರೋ ಇಬ್ಬರೋ ಮೇಷ್ಟ್ರು. ಒಬ್ಬರೇ ಇರುವ ಕಡೆ ಅವರು ತರಬೇತಿಗೆ ಹೋದರೆ ಪಕ್ಕದ ಶಾಲೆಯಿಂದ ಯಾರಾದರೂ ಬರಬೇಕು, ಅಲ್ಲೂ ಪಾಠ ನಿಲ್ಲುತ್ತದೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೂ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರು ಸಾಗರಕ್ಕೆ ಬರಲು ಲಾಂಚ್ ಕಾಯಬೇಕಿತ್ತು, ಇಲ್ಲವೇ ಸುತ್ತಿ ಬರಬೇಕಿತ್ತು. ಆಷಾಢದ ಮಳೆಯಲ್ಲಿ ತರಬೇತಿ ಇಟ್ಟರೆ ಏನಾಗುತ್ತದೆ, ನೀವೇ ಯೋಚಿಸಿ.

ವ್ಯವಸ್ಥೆ ಇಲ್ಲ ಅಂತಲ್ಲ. 1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದು ಡಯಟ್, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಬಂದಿದ್ದೇ ಇದಕ್ಕಾಗಿ. ಆಮೇಲೆ ತಾಲ್ಲೂಕಿಗೆ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿ, ಅದರ ಕೆಳಗೆ ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್, ಅಲ್ಲಿ ಮೇಷ್ಟ್ರುಗಳಿಗೆ ನೆರವಾಗಲು ಒಬ್ಬ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ. ಆದರೆ ವಿಷಯ, ಪುಸ್ತಿಕೆ, ದಿನಾಂಕ ಹೆಚ್ಚಾಗಿ ಮೇಲಿನಿಂದಲೇ ಬರುತ್ತವೆ. ರಾಜ್ಯದಲ್ಲಿ ಕಲಿತವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ, ಅವರು ನಮಗೆ. ಐದು ತರಗತಿಯನ್ನು ಒಂದೇ ಕೋಣೆಯಲ್ಲಿ ಹೇಗೆ ನಡೆಸಬೇಕು ಅನ್ನುವ ನಮ್ಮ ಪ್ರಶ್ನೆ ಕೇಳಲು ಅಷ್ಟರಲ್ಲಿ ಸಮಯವೇ ಉಳಿದಿರುವುದಿಲ್ಲ.

ಕೆಳಗಿನಿಂದ ಒಳ್ಳೆಯದು ಹುಟ್ಟುವುದಿಲ್ಲ ಅನ್ನುವವರಿಗೆ ನಾನು ನಲಿಕಲಿಯನ್ನು, ಅಂದರೆ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವ ಪದ್ಧತಿಯನ್ನು, ನೆನಪಿಸುತ್ತೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಕೂತು ಮಾಡಿದರು. ಅದು ಕಾಡಂಚಿನ ತಾಲ್ಲೂಕು, ನಮ್ಮ ಹಾಗೇ ಚಿಕ್ಕ ಶಾಲೆಗಳು. ಮುಂದೆ ಅದೇ ಇಡೀ ರಾಜ್ಯಕ್ಕೆ ಬಂತು. ಆದರೆ ಉಳಿದವರ ಕೈಗೆ ಸಿಕ್ಕಿದ್ದು ಸಿದ್ಧವಾದ ಕಾರ್ಡು. ಕೂತು ಮಾಡುವಾಗ ಆಗುವ ಕಲಿಕೆ ಸಿಗಲಿಲ್ಲ. ನನಗೆ ಅದೇ ದೊಡ್ಡ ನಷ್ಟ ಅನ್ನಿಸುತ್ತದೆ.

ಈಗ ಕ್ಲಸ್ಟರಿನ ಮೇಷ್ಟ್ರುಗಳೆಲ್ಲ ಸೇರುವ ಸಮಾಲೋಚನಾ ಸಭೆ ಇದೆ ಅಲ್ವಾ, ಅದರಲ್ಲಿ ಸುತ್ತೋಲೆ, ಅಂಕಿಅಂಶ ಕೇಳುವುದೇ ಜಾಸ್ತಿ ಆಗಿಬಿಡುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ಗಂಟೆ ಕಲಿಕೆ ಇರಬೇಕು ಅನ್ನುತ್ತದೆ. ಅದರಲ್ಲಿ ಅರ್ಧದಷ್ಟನ್ನಾದರೂ ಈ ಸಭೆಯೇ ತೀರ್ಮಾನಿಸಲಿ. ಮಳೆ ಮತ್ತು ಅಡಿಕೆ ಕೊಯ್ಲು ನೋಡಿಕೊಂಡು ದಿನ ಗೊತ್ತು ಮಾಡಲಿ. ಪಠ್ಯಕ್ರಮ, ಕನಿಷ್ಠ ಗುಣಮಟ್ಟ ರಾಜ್ಯದ ಕೈಯಲ್ಲೇ ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

ಸುಮ್ನೆ ಜವಾಬ್ದಾರಿ ಮಾತ್ರ ಕೆಳಗೆ ತಳ್ಳಿದರೆ ಕೆಲಸ ಆಗದು. ಡಯಟ್‌ನಲ್ಲಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವರು ಇರಬೇಕು. ಕ್ಲಸ್ಟರ್‌ಗೆ ತನ್ನಿಷ್ಟದಂತೆ ಖರ್ಚು ಮಾಡಲು ಸ್ವಲ್ಪ ಹಣ ಬೇಕು. ಮೇಷ್ಟ್ರು ಹೋದ ದಿನ ಶಾಲೆ ನೋಡಿಕೊಳ್ಳಲು ಒಬ್ಬರು ಬೇಕು.