ಬದಲಾವಣೆಗೆ ಯಾರೂ ಎದುರು ಮಾತಾಡುತ್ತಿಲ್ಲ ಅಂದರೆ ಎಲ್ಲರೂ ಒಪ್ಪಿದ್ದಾರೆ ಅಂತ ತಾನೇ?

ನಿಮ್ಮ ಕಂಪನಿಯಲ್ಲಿ ದೊಡ್ಡ ಬದಲಾವಣೆ ನಡೀತಿದೆ, ಟೀಮಿನಲ್ಲಿ ಯಾರೂ ತಕರಾರು ಎತ್ತಿಲ್ಲ, ಇನ್ನು ಭಾವನೆಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾ ಎಂದು ಕೇಳಿದ್ದೀರಿ. ಕೆಡಿಸಿಕೊಳ್ಳಿ. ನನಗೆ ಜಾಸ್ತಿ ಚಿಂತೆ ಆಗೋದೇ ಆ ಮೌನದ ಬಗ್ಗೆ.

ಇನ್ಸಿಯಾಡ್ ಬಿಸಿನೆಸ್ ಸ್ಕೂಲಿನ ಪ್ರೊಫೆಸರ್ ಕ್ವಿ ಹುಯ್ ಅವರ ಸಂಶೋಧನೆಯಲ್ಲಿ ಕಂಪನಿ ಬದಲಾಗುವಾಗಿನ ಭಾವನೆಗಳಿಗೆ ದೊಡ್ಡ ಜಾಗ ಇದೆ. ಟಿಮೋ ವುವೋರಿ ಎಂಬ ಸಂಶೋಧಕರ ಜೊತೆ ಸೇರಿ ಅವರು ನೋಕಿಯಾ ಸ್ಮಾರ್ಟ್‌ಫೋನ್ ಪೈಪೋಟಿಯಲ್ಲಿ ಯಾಕೆ ಸೋತಿತು ಎಂದು ಹುಡುಕಿದರು. ಮ್ಯಾನೇಜರ್‌ಗಳು, ಎಂಜಿನಿಯರ್‌ಗಳು, ಹೊರಗಿನ ಪರಿಣತರು ಸೇರಿ 76 ಸಂದರ್ಶನ. 2016ರಲ್ಲಿ ಪ್ರಕಟವಾಯಿತು. ಅಲ್ಲಿ ಕಂಡದ್ದು ಎರಡು ಬಗೆಯ ಭಯ. ಮೇಲಿನವರಿಗೆ ಹೊರಗಿನ ಭಯ: 2007ರಲ್ಲಿ ಐಫೋನ್ ಬಂದಿದೆ, ಷೇರುದಾರರು ಕಾಯುತ್ತಿದ್ದಾರೆ. ಮಧ್ಯದ ಮ್ಯಾನೇಜರ್‌ಗಳಿಗೆ ಒಳಗಿನ ಭಯ: ಬಾಸ್ ಸಿಟ್ಟಾದರೆ? ಸ್ಥಾನ ಹೋದರೆ? ನೋಕಿಯಾ ಫೋನುಗಳನ್ನು ನಡೆಸುತ್ತಿದ್ದ ಸಿಂಬಿಯನ್ ಸಾಫ್ಟ್‌ವೇರ್ ಹಿಂದೆ ಬೀಳುತ್ತಿದ್ದರೂ ಆ ಸುದ್ದಿ ಪೂರ್ತಿಯಾಗಿ ಮೇಲೆ ಹೋಗಲೇ ಇಲ್ಲ. 'ಆಗುತ್ತೆ' ಎಂಬ ಮಾತನ್ನೇ ಮೇಲಿನವರು ನಂಬಿದರು, ಇನ್ನಷ್ಟು ಒತ್ತಡ ಹಾಕಿದರು. ಕೊನೆಗೆ 2013ರಲ್ಲಿ ಫೋನ್ ವ್ಯವಹಾರವನ್ನು ಮೈಕ್ರೋಸಾಫ್ಟ್‌ಗೆ ಮಾರುವ ಒಪ್ಪಂದ ಆಯಿತು. ಭಯ ಒಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಅಷ್ಟು ಜಾಣರಿದ್ದ ಕಂಪನಿಯಲ್ಲಿ ಗೊತ್ತಿದ್ದವರು ಬಾಯಿ ಬಿಡಲಿಲ್ಲ ಅನ್ನೋದು ನನ್ನನ್ನು ತುಂಬಾ ಕಾಡುತ್ತದೆ.

ಇದೆಲ್ಲ ನನಗೆ ಅರ್ಥ ಆಗಿದ್ದು ನನ್ನ ಟೀಮಿನಲ್ಲೇ. ನಾವು ಹೊಸ ಅಕೌಂಟ್ಸ್ ಸಾಫ್ಟ್‌ವೇರ್‌ಗೆ ಬದಲಾದಾಗ ಮೀಟಿಂಗಿನಲ್ಲಿ "ಎಲ್ಲಾ ಸರಿ ಇದೆ ಅಲ್ವಾ?" ಎಂದು ಕೇಳಿದೆ. ಎಲ್ಲರೂ ತಲೆ ಆಡಿಸಿದರು. ಒಂದು ಸಂಜೆ ನೋಡಿದರೆ ಹಿರಿಯ ಮೇಡಂ ಒಬ್ಬರು ಇನ್ನೂ ಸೀಟಿನಲ್ಲೇ ಇದ್ದಾರೆ. ಸ್ಕ್ರೀನಿನ ಒಂದು ಕಡೆ ಹೊಸ ಸಾಫ್ಟ್‌ವೇರ್, ಪಕ್ಕದಲ್ಲೇ ಹಳೆಯ ಎಕ್ಸೆಲ್ ಶೀಟ್. ಪ್ರತಿ ಎಂಟ್ರಿಯನ್ನೂ ಎರಡೆರಡು ಸಲ ಹಾಕುತ್ತಿದ್ದರು. ಯಾಕೆ ಎಂದು ಕೇಳಿದೆ. ತಕ್ಷಣ ಶೀಟ್ ಮುಚ್ಚಿದರು. ನಾನು ಕುರ್ಚಿ ಎಳೆದು ಕೂತ ಮೇಲೆ ಮೆಲ್ಲಗೆ ಹೇಳಿದರು: "ಸರ್, ಎಕ್ಸೆಲ್‌ನಲ್ಲಿ ತಪ್ಪಾದ್ರೆ ಎಲ್ಲಿ ಅಂತ ಕಾಣುತ್ತೆ. ಹೊಸದರಲ್ಲಿ ಮೊತ್ತ ಮಾತ್ರ ಬರುತ್ತೆ. ಕಲಿಯೋಕೆ ಆಗಲ್ಲ ಅಂದ್ಕೋತೀರ ಅಂತ ಹೇಳಲಿಲ್ಲ."

ಅವರು ಹೇಳಿದ್ದು ಸರಿಯಿತ್ತು. ಪ್ರತಿ ಬಿಲ್ಲಿನ ಲೆಕ್ಕ ತಾಳೆ ಆಗಿದೆಯಾ ಎಂದು ತೋರಿಸುವ ರಿಪೋರ್ಟನ್ನು ಸೆಟಪ್ ಮಾಡುವಾಗ ಬಿಟ್ಟಿದ್ದೆವು. ವಾರಗಟ್ಟಲೆ ಅದು ಅವರೊಬ್ಬರಿಗೇ ಗೊತ್ತಿತ್ತು.

ಹಾಗಂತ ಬರೀ ಸಮಾಧಾನ ಹೇಳಿಕೊಂಡು ಕೂತರೂ ಕೆಲಸ ಆಗಲ್ಲ. ಹುಯ್ ಅವರ 2002ರ ಅಧ್ಯಯನವೂ ಇದನ್ನೇ ಹೇಳುತ್ತದೆ. ದೊಡ್ಡ ಬದಲಾವಣೆಯಲ್ಲಿದ್ದ ಒಂದು ಕಂಪನಿಯನ್ನು ಅವರು 3 ವರ್ಷ ಹತ್ತಿರದಿಂದ ನೋಡಿದರು. ಬದಲಾವಣೆಗೆ ಬರೀ ತಳ್ಳಿದ ಕಡೆ ಗೊಂದಲ. ತಳ್ಳುವವರೇ ಇಲ್ಲದ ಕಡೆ ಎಲ್ಲವೂ ಇದ್ದಲ್ಲೇ ಇತ್ತು. ಕೆಲಸ ಮುಂದೆ ಹೋದದ್ದು ಮಧ್ಯದ ಮ್ಯಾನೇಜರ್‌ಗಳು ಬದಲಾವಣೆಯನ್ನೂ ಬಿಡದೆ, ಜನರ ಆತಂಕವನ್ನೂ ಕಿವಿಗೊಟ್ಟು ಕೇಳಿದ ಕಡೆ.

ನೀವು ನಾಳೆಯೇ ಶುರು ಮಾಡಬಹುದು. ಮೀಟಿಂಗಿನಲ್ಲಿ ಬೇಡ, ಒಬ್ಬೊಬ್ಬರ ಪಕ್ಕ ಕೂತು "ಯಾವುದು ಕಷ್ಟ ಆಗ್ತಿದೆ, ತೋರಿಸಿ" ಅನ್ನಿ. ಮೊದಲು ಬಾಯಿಬಿಟ್ಟವರ ಮಾತಿಗೆ ಆ ವಾರವೇ ಏನಾದರೂ ಮಾಡಿ. ಉಳಿದವರು ಅದನ್ನೇ ನೋಡುತ್ತಿರುತ್ತಾರೆ.