ಅಕ್ಕಪಕ್ಕದ ದೇಶಗಳು ಒಂದಾದರೆ ಯಾರಿಗೆ ಲಾಭ, ಯಾರಿಗೆ ನಷ್ಟ? ಮತ್ತೆ ಬೇರೆಯಾಗಲು ಆಗುತ್ತದಾ?

ನೀವು ಕೇಳಿರುವುದರಲ್ಲಿ ಮೂರು ಪ್ರಶ್ನೆಗಳಿವೆ. ನೆರೆಯ ದೇಶಗಳು ಆರ್ಥಿಕವಾಗಿ, ರಾಜಕೀಯವಾಗಿ ಒಂದಾದರೆ ಏನು ಸಿಗುತ್ತದೆ, ಏನು ಕೈತಪ್ಪುತ್ತದೆ, ಸರಿಹೋಗದಿದ್ದರೆ ಬಿಟ್ಟು ಬರಬಹುದಾ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ವ್ಯಾಪಾರದ ಲಾಭ ನಿಜ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಒಕ್ಕೂಟ ಗಟ್ಟಿಯೋ ಪೊಳ್ಳೋ ಅನ್ನುವುದು ಗೊತ್ತಾಗುವುದು ಕಷ್ಟ ಬಂದಾಗ. ಒಬ್ಬರು ಮುಗ್ಗರಿಸಿದರೆ ಉಳಿದವರು ದುಡ್ಡು ಬಿಚ್ಚುತ್ತಾರಾ, ಬಿಚ್ಚಿದರೆ ಯಾವ ಷರತ್ತಿನ ಮೇಲೆ? ಈ ಮಾತನ್ನು ಆಡದೆಯೇ ಒಂದಾದವರು ಆಮೇಲೆ ಪಟ್ಟ ಪಾಡು ಇತಿಹಾಸದಲ್ಲಿ ಬೇಕಾದಷ್ಟಿದೆ.

ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. 'ಒಂದಾಗುವುದು' ಅಂದರೆ ಒಂದೇ ಥರ ಅಲ್ಲ. ಪರಸ್ಪರ ಸುಂಕ ತೆಗೆದುಹಾಕುವುದು ಮೊದಲ ಹೆಜ್ಜೆ. ಹೊರಗಿನಿಂದ ಬರುವ ಸರಕಿಗೆ ಎಲ್ಲರೂ ಒಂದೇ ಸುಂಕ ಹಾಕುವುದು ಅದರ ಮುಂದಿನದು. ಆಮೇಲೆ ಜನರೂ ಬಂಡವಾಳವೂ ಎಲ್ಲಿ ಬೇಕಾದರೂ ಹೋಗುವ ಒಂದೇ ಮಾರುಕಟ್ಟೆ, ಅದಾದ ಮೇಲೆ ಒಂದೇ ಕರೆನ್ಸಿ, ಕೊನೆಗೆ ಒಂದೇ ಸರ್ಕಾರ. ಒಂದೊಂದು ಹೆಜ್ಜೆಯಲ್ಲೂ ಸಿಗುವುದೂ ಬೇರೆ, ಬಿಟ್ಟುಕೊಡುವುದೂ ಬೇರೆ.

ಲಾಭದ ಕಥೆ ಹಳೆಯದು. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಜರ್ಮನಿ ಅಂತ ಒಂದು ದೇಶ ಇರಲಿಲ್ಲ, ಹತ್ತಾರು ಸಂಸ್ಥಾನಗಳಿದ್ದವು. ಸರಕು ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕಾದರೆ ಗಡಿ ಗಡಿಗೂ ಸುಂಕ ಕಟ್ಟಬೇಕಿತ್ತು. 1834ರಲ್ಲಿ ಪ್ರಷ್ಯಾದ ಮುಂದಾಳತ್ವದಲ್ಲಿ ಇವುಗಳಲ್ಲಿ ಬಹಳಷ್ಟು ಸೇರಿ ಸುಂಕದ ಒಕ್ಕೂಟ ಮಾಡಿಕೊಂಡವು. ಒಳಗಿನ ಸುಂಕ ಹೋಯಿತು. ಹೊರಗಿನ ಸುಂಕದ ದುಡ್ಡನ್ನು ಜನಸಂಖ್ಯೆಗೆ ತಕ್ಕಂತೆ ಹಂಚಿಕೊಂಡರು. ಹಂಚಿಕೆಯ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಂಡಿದ್ದರಿಂದ ಸಣ್ಣ ಸಂಸ್ಥಾನಗಳಿಗೂ ಅದರಲ್ಲಿ ಇರಲು ಕಾರಣ ಸಿಕ್ಕಿತು. ಒಂದೇ ಸರ್ಕಾರ ಬಂದದ್ದು 1871ರಲ್ಲಿ. ಅದು ಸುಮ್ನೆ ವ್ಯಾಪಾರದಿಂದ ಬರಲಿಲ್ಲ ಬಿಡಿ, ನಡುವೆ ಯುದ್ಧಗಳೇ ಆದವು.

ಮಾರುಕಟ್ಟೆ ದೊಡ್ಡದಾದರೆ ಸಣ್ಣ ದೇಶದ ಕಾರ್ಖಾನೆಗೂ ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಧೈರ್ಯ ಬರುತ್ತದೆ. ಅದಕ್ಕೇ ಸಣ್ಣವರಿಗೆ ಇದರಿಂದ ಜಾಸ್ತಿ ಲಾಭ. ದೊಡ್ಡ ದೇಶಕ್ಕೆ ಮನೆಯೊಳಗೇ ಗಿರಾಕಿಗಳು ಇರುತ್ತಾರೆ, ಲಕ್ಸೆಂಬರ್ಗ್‌ನಂಥ ದೇಶಕ್ಕೆ ಎಲ್ಲಿರುತ್ತಾರೆ? ಹೊರಗಿನ ದೊಡ್ಡ ದೇಶಗಳ ಜೊತೆ ವ್ಯಾಪಾರದ ಮಾತುಕತೆಗೆ ಕೂತಾಗಲೂ ಅಷ್ಟೇ. ಐರೋಪ್ಯ ಒಕ್ಕೂಟದ 27 ದೇಶಗಳ ಪರವಾಗಿ ಒಬ್ಬರೇ ಮಾತಾಡುತ್ತಾರೆ. ಒಂಟಿಯಾಗಿ ಹೋದರೆ ಅವುಗಳಲ್ಲಿ ಹೆಚ್ಚಿನವರ ಮಾತನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಸಿಗದ ಲಾಭ ಒಂದಿದೆ, ಅದು ಶಾಂತಿ. ಫ್ರಾನ್ಸ್ ಮತ್ತು ಜರ್ಮನಿ 1870ರಿಂದ 1945ರೊಳಗೆ ಮೂರು ದೊಡ್ಡ ಯುದ್ಧ ಮಾಡಿದ್ದವು. 1950ರ ಮೇ 9ರಂದು ಫ್ರಾನ್ಸ್‌ನ ವಿದೇಶಾಂಗ ಸಚಿವ ರಾಬರ್ಟ್ ಶೂಮನ್ ಒಂದು ಯೋಜನೆ ಮುಂದಿಟ್ಟರು: ಎರಡೂ ದೇಶಗಳ ಕಲ್ಲಿದ್ದಲು ಮತ್ತು ಉಕ್ಕಿನ ಉತ್ಪಾದನೆ ಒಂದೇ ಮಂಡಳಿಯ ಕೈಯಲ್ಲಿರಲಿ. ಫಿರಂಗಿ ಮಾಡುವುದು ಉಕ್ಕಿನಿಂದ, ಉಕ್ಕು ಕರಗಿಸುವುದು ಕಲ್ಲಿದ್ದಲಿನಿಂದ. ಅವೆರಡೂ ಜಂಟಿಯಾಗಿದ್ದರೆ ಕಳ್ಳತನದಲ್ಲಿ ಯುದ್ಧಕ್ಕೆ ತಯಾರಾಗುವುದು ಹೇಗೆ? 1951ರಲ್ಲಿ ಆರು ದೇಶಗಳು ಸಹಿ ಹಾಕಿದವು. ಇಂದಿನ ಒಕ್ಕೂಟದ ಬೇರು ಇದೇ. ಶೂಮನ್ ಜೀವನದ ಮೊದಲ ಮೂವತ್ತು ವರ್ಷ ಜರ್ಮನಿಯ ಪ್ರಜೆಯಾಗಿದ್ದವರು ಅನ್ನುವುದೂ ಇಲ್ಲಿ ನೆನಪಿಡಬೇಕಾದ್ದೇ. ಗಡಿ ಜರುಗಿದರೆ ಮನುಷ್ಯನಿಗೆ ಏನಾಗುತ್ತದೆ ಅಂತ ಅವರಿಗೆ ಪುಸ್ತಕ ಓದಿ ತಿಳಿಯಬೇಕಿರಲಿಲ್ಲ.

ಇನ್ನು ನಷ್ಟಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಗ್ರೀಸ್ 2001ರಲ್ಲಿ ಯುರೋ ಬಳಗಕ್ಕೆ ಸೇರಿತು. ಸೇರಿದ ಮೇಲೆ ಅದಕ್ಕೆ ಜರ್ಮನಿಗೆ ಸಿಗುವಷ್ಟೇ ಕಡಿಮೆ ಬಡ್ಡಿಗೆ ಹೆಚ್ಚುಕಡಿಮೆ ಸಾಲ ಸಿಗತೊಡಗಿತು. ಸರ್ಕಾರ ಧಾರಾಳವಾಗಿ ಸಾಲ ಮಾಡಿತು, ಸಾಲ ಕೊಟ್ಟ ಬ್ಯಾಂಕುಗಳೂ ಹಿಂದೆಮುಂದೆ ನೋಡಲಿಲ್ಲ. 2009ರ ಕೊನೆಗೆ ಹೊಸ ಸರ್ಕಾರ ಬಂದು ಲೆಕ್ಕ ತೆಗೆದಾಗ ಬಜೆಟ್ ಕೊರತೆ ಮೊದಲು ಹೇಳಿದ್ದಕ್ಕಿಂತ ಎಷ್ಟೋ ಜಾಸ್ತಿ ಇತ್ತು. ಹೊಸ ಸಾಲದ ಬಡ್ಡಿ ಗಗನಕ್ಕೇರಿತು.

ಸ್ವಂತ ಕರೆನ್ಸಿ ಇರುವ ದೇಶ ಇಂಥ ಹೊತ್ತಲ್ಲಿ ಏನು ಮಾಡುತ್ತದೆ? ಅದರ ಹಣದ ಬೆಲೆ ಕುಸಿಯುತ್ತದೆ. ಆಮದು ದುಬಾರಿಯಾಗುತ್ತದೆ, ಜನರಿಗೆ ಏಟು ಬೀಳುತ್ತದೆ, ನಿಜ. ಆದರೆ ಅದರ ಸರಕು ಹೊರಗಿನವರಿಗೆ ಅಗ್ಗವಾಗುತ್ತದೆ, ಪ್ರವಾಸಿಗರು ಬರುತ್ತಾರೆ, ಮೆಲ್ಲಗೆ ಉಸಿರು ತಿರುಗುತ್ತದೆ. ಬಡ್ಡಿ ದರ ಇಳಿಸುವ ಅಧಿಕಾರವೂ ಕೈಯಲ್ಲಿರುತ್ತದೆ. ಗ್ರೀಸ್‌ಗೆ ಎರಡೂ ಇರಲಿಲ್ಲ. ಬಡ್ಡಿ ದರ ತೀರ್ಮಾನವಾಗುತ್ತಿದ್ದುದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿನ ಕೇಂದ್ರ ಬ್ಯಾಂಕಿನಲ್ಲಿ, ಯುರೋ ಬಳಸುವ ಎಲ್ಲರಿಗೂ ಸೇರಿಸಿ. ಹಣದ ಬೆಲೆ ಇಳಿಯದಿದ್ದರೆ ಸಂಬಳ ಇಳಿಯಬೇಕು. ಸಂಬಳ ಇಳಿಸಿದರು, ಪಿಂಚಣಿ ಕತ್ತರಿಸಿದರು. 2010ರ ಮೇನಲ್ಲಿ 110 ಶತಕೋಟಿ ಯುರೋ ಸಾಲ ಕೊಡುವ ಒಪ್ಪಂದವಾಯಿತು. ಆದರೆ ಅದರ ಷರತ್ತುಗಳು ಎಷ್ಟು ಬಿಗಿಯಾಗಿದ್ದವೆಂದರೆ, 2013ರ ಹೊತ್ತಿಗೆ ದುಡಿಯಲು ಸಿದ್ಧರಿದ್ದ ನೂರು ಜನರಲ್ಲಿ ಸುಮಾರು 27 ಜನರಿಗೆ ಕೆಲಸ ಇರಲಿಲ್ಲ.

ತಪ್ಪು ಗ್ರೀಸ್‌ನದ್ದಾ, ಸಾಲ ಕೊಟ್ಟವರದ್ದಾ? ಇಬ್ಬರದ್ದೂ. ಆದರೆ ನನಗೆ ಕಾಣುವ ದೊಡ್ಡ ತಪ್ಪು ಒಕ್ಕೂಟದ ಕಟ್ಟಡದಲ್ಲೇ ಇತ್ತು. ಅಮೆರಿಕದಲ್ಲೂ ಐವತ್ತು ರಾಜ್ಯಗಳಿಗೆ ಒಂದೇ ಡಾಲರ್. ಆದರೆ ಒಂದು ರಾಜ್ಯದಲ್ಲಿ ಕೆಲಸಗಳು ಹೋದರೆ ಅಲ್ಲಿಂದ ಕೇಂದ್ರಕ್ಕೆ ಹೋಗುವ ತೆರಿಗೆ ತಾನಾಗಿ ಕಡಿಮೆಯಾಗುತ್ತದೆ, ಕೇಂದ್ರದಿಂದ ಬರುವ ನೆರವು ತಾನಾಗಿ ಹೆಚ್ಚುತ್ತದೆ. ಯಾರೂ ಯಾರ ಮುಂದೆಯೂ ಕೈಚಾಚಬೇಕಿಲ್ಲ. ಐರೋಪ್ಯ ಒಕ್ಕೂಟದ ಒಟ್ಟು ಬಜೆಟ್ ಸದಸ್ಯ ದೇಶಗಳ ಒಟ್ಟು ಆದಾಯದ ಸುಮಾರು ಶೇ 1ರಷ್ಟು ಮಾತ್ರ. ಒಂದೇ ಮನೆಯಲ್ಲಿದ್ದು ಒಲೆ ಬೇರೆ ಮಾಡಿಕೊಂಡ ಅಣ್ಣತಮ್ಮಂದಿರ ಹಾಗೆ. ಜಗಲಿ ಎಲ್ಲರದ್ದು, ಸಾಲ ಮಾತ್ರ ಅವರವರದ್ದು. ನನ್ನ ಪ್ರಕಾರ ಕರೆನ್ಸಿ ಒಂದು, ಖಜಾನೆ ಬೇರೆ ಅನ್ನುವ ಈ ಅರ್ಧಂಬರ್ಧ ಸ್ಥಿತಿ ಎಲ್ಲಕ್ಕಿಂತ ಅಪಾಯದ್ದು. ಇದಕ್ಕಿಂತ ಬರೀ ಸುಂಕದ ಒಕ್ಕೂಟದಲ್ಲಿ ನಿಲ್ಲುವುದೇ ವಾಸಿ.

ಹಾಗಾದರೆ ಖಜಾನೆಯನ್ನೂ ಒಂದು ಮಾಡಿದರೆ? ಅದಕ್ಕೂ ಉದಾಹರಣೆ ಇದೆ. 1990ರ ಜುಲೈ 1ರಂದು ಪಶ್ಚಿಮ ಜರ್ಮನಿಯ ಕರೆನ್ಸಿ ಮಾರ್ಕ್, ಆಗಿನ್ನೂ ಬೇರೆ ದೇಶವಾಗಿದ್ದ ಪೂರ್ವ ಜರ್ಮನಿಗೂ ಬಂತು. ಸಂಬಳಗಳನ್ನು ಒಂದಕ್ಕೊಂದು ದರದಲ್ಲಿ ಬದಲಾಯಿಸಿದರು. ಪೂರ್ವದವರು ಖುಷಿಪಟ್ಟರು, ಆದರೆ ಅವರ ಕಾರ್ಖಾನೆಗಳು ಆ ಸಂಬಳ ಕೊಟ್ಟು ಪೈಪೋಟಿ ಮಾಡುವ ಸ್ಥಿತಿಯಲ್ಲಿರಲಿಲ್ಲ. ಪೂರ್ವ ಯುರೋಪಿನ ಹಳೆಯ ಗಿರಾಕಿಗಳೂ ಹೋದರು. ಸಾಲುಸಾಲಾಗಿ ಬಾಗಿಲು ಮುಚ್ಚಿದವು. ಯುವಕರು ಪಶ್ಚಿಮಕ್ಕೆ ಗಂಟುಮೂಟೆ ಕಟ್ಟಿದರು. ಆದರೂ ಗ್ರೀಸ್‌ಗೆ ಆದದ್ದು ಅಲ್ಲಿ ಆಗಲಿಲ್ಲ. ಪಿಂಚಣಿ, ನಿರುದ್ಯೋಗ ಭತ್ಯೆ, ರಸ್ತೆ, ಫೋನು, ಎಲ್ಲಕ್ಕೂ ಪಶ್ಚಿಮದ ದುಡ್ಡು ವರ್ಷಗಟ್ಟಲೆ ಹರಿಯಿತು. ಅದಕ್ಕಾಗಿ 1991ರಲ್ಲಿ ತೆರಿಗೆಯ ಮೇಲೆ ಹೆಚ್ಚುವರಿ ತೆರಿಗೆಯನ್ನೇ ಹಾಕಿದರು. ಜನ ಗೊಣಗಿದರು, ಆದರೆ ಕಟ್ಟಿದರು. ಏಕೆಂದರೆ 'ಅವರೂ ನಮ್ಮವರೇ' ಅನ್ನುವ ಭಾವನೆ ಇತ್ತು. ಅದೇ ಜರ್ಮನ್ನರು ಗ್ರೀಸ್ ವಿಷಯದಲ್ಲಿ ಹಾಗೆ ಅಂದುಕೊಳ್ಳಲಿಲ್ಲ. ಆ ಭಾವನೆಯನ್ನು ಯಾವ ಒಪ್ಪಂದದಲ್ಲೂ ಬರೆದು ತರಿಸಲು ಆಗುವುದಿಲ್ಲ ಅಲ್ವಾ?

ದೊಡ್ಡವರು ಸಣ್ಣವರು ಒಟ್ಟಿಗೆ ಸೇರಿದಾಗಿನ ತಕರಾರು ಬೇರೆ. ಕೀನ್ಯಾ, ಉಗಾಂಡಾ, ತಾಂಜಾನಿಯಾ 1967ರಲ್ಲಿ ಪೂರ್ವ ಆಫ್ರಿಕಾ ಸಮುದಾಯ ಕಟ್ಟಿದವು. ರೈಲು, ಬಂದರು, ವಿಮಾನ ಸಂಸ್ಥೆ ಎಲ್ಲ ಜಂಟಿ. ಆದರೆ ಕಾರ್ಖಾನೆಗಳು ಮೊದಲೇ ಕೀನ್ಯಾದಲ್ಲಿ ಜಾಸ್ತಿ ಇದ್ದವು, ಹೊಸ ಬಂಡವಾಳವೂ ಅತ್ತಲೇ ವಾಲಿತು. ಉಳಿದಿಬ್ಬರಿಗೆ ಬರೀ ಗಿರಾಕಿಗಳಾಗಿ ಉಳಿದೆವು ಅನ್ನಿಸತೊಡಗಿತು. 1971ರಲ್ಲಿ ಉಗಾಂಡಾದಲ್ಲಿ ಇದಿ ಅಮೀನ್ ಅಧಿಕಾರ ಕಿತ್ತುಕೊಂಡ ಮೇಲಂತೂ ತಾಂಜಾನಿಯಾದ ಅಧ್ಯಕ್ಷ ಜೂಲಿಯಸ್ ನೈರೇರೆ ಅವನ ಜೊತೆ ಒಂದೇ ಮೇಜಿಗೆ ಕೂರಲು ಒಪ್ಪಲಿಲ್ಲ. 1977ರಲ್ಲಿ ಒಕ್ಕೂಟ ಮುರಿಯಿತು. ತಾಂಜಾನಿಯಾ ಕೀನ್ಯಾದ ಜೊತೆಗಿನ ಗಡಿಯನ್ನೇ ಮುಚ್ಚಿತು, ಅದು ತೆರೆದದ್ದು 1983ರಲ್ಲಿ. ಒಕ್ಕೂಟ ಕಟ್ಟುವ ಮುಂಚೆ ಇದ್ದುದಕ್ಕಿಂತ ಸಂಬಂಧ ಹಾಳಾಯಿತು ಅಂದ ಹಾಗಾಯಿತು. ಅದೇ ಮೂವರು 2000ದಲ್ಲಿ ಮತ್ತೆ ಸೇರಿದರು. ಈ ಸಲ ಮೊದಲು ಸುಂಕ, ಆಮೇಲೆ ಮಾರುಕಟ್ಟೆ ಅಂತ ಒಂದೊಂದೇ ಹೆಜ್ಜೆ ಇಡುತ್ತಿದ್ದಾರೆ, ಬೇರೆ ನೆರೆಯವರೂ ಸೇರಿಕೊಂಡಿದ್ದಾರೆ.

ನಾಯಕರ ಹುಮ್ಮಸ್ಸಿನಲ್ಲಿ ಆದ ರಾಜಕೀಯ ವಿಲೀನಗಳ ಬಗ್ಗೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. 1958ರ ಫೆಬ್ರುವರಿಯಲ್ಲಿ ಈಜಿಪ್ಟ್ ಮತ್ತು ಸಿರಿಯಾ ಒಂದಾದವು. ನಡುವೆ ಗಡಿಯೇ ಇಲ್ಲದ ಎರಡು ದೇಶ! ಈಜಿಪ್ಟಿನ ಅಧ್ಯಕ್ಷ ನಾಸರ್ ಅಂದರೆ ಸಿರಿಯಾದ ಜನರಿಗೆ ಆಗ ಪ್ರಾಣ. ಆದರೆ ರಾಜಧಾನಿ ಕೈರೋ ಆಯಿತು, ಸಿರಿಯಾದ ಪಕ್ಷಗಳನ್ನು ವಿಸರ್ಜಿಸಿದರು, ಈಜಿಪ್ಟಿನ ಅಧಿಕಾರಿಗಳು ಬಂದು ಕೂತರು. 1961ರ ಸೆಪ್ಟೆಂಬರ್‌ನಲ್ಲಿ ಸಿರಿಯಾದ ಸೇನೆಯವರೇ ದಂಗೆ ಎದ್ದು ಹೊರಬಂದರು. ಇದರ ಪಕ್ಕದಲ್ಲಿ ಯುಎಇಯನ್ನು ಇಟ್ಟು ನೋಡಿ. 1971ರಲ್ಲಿ ಒಂದಾದ ಅಲ್ಲಿನ ಎಮಿರೇಟ್‌ಗಳು ತಮ್ಮ ತಮ್ಮ ದೊರೆಯನ್ನೂ ಎಣ್ಣೆಯ ಒಡೆತನವನ್ನೂ ಕೈಯಲ್ಲೇ ಇಟ್ಟುಕೊಂಡವು. ವಿದೇಶಾಂಗ, ರಕ್ಷಣೆಯಂಥ ವಿಷಯಗಳು ಮಾತ್ರ ಕೇಂದ್ರಕ್ಕೆ ಹೋದವು. ಅಬುಧಾಬಿಯ ಎಣ್ಣೆ ದುಡ್ಡು ಬಡ ಎಮಿರೇಟ್‌ಗಳಿಗೂ ಹರಿಯಿತು. ಕಡಿಮೆ ಕೇಳಿದ್ದರಿಂದಲೇ ಅದು ಉಳಿಯಿತು ಅಂತ ನಾನು ಓದಿಕೊಳ್ಳುತ್ತೇನೆ. ಅಲ್ಲಿ ಪ್ರಜಾಪ್ರಭುತ್ವ ಇಲ್ಲ, ಒಪ್ಪಿಸಬೇಕಾದದ್ದು ಕೆಲವೇ ದೊರೆಗಳನ್ನು ಅನ್ನುವುದೂ ನಿಜ.

ಜನ ಎಲ್ಲಿ ಬೇಕಾದರೂ ಹೋಗಿ ದುಡಿಯಬಹುದು ಅನ್ನುವುದು ವ್ಯಕ್ತಿಗೆ ವರ, ಊರಿಗೆ ಕೆಲವೊಮ್ಮೆ ಶಾಪ. ಹಿಂದೆ ಸೋವಿಯತ್ ಒಕ್ಕೂಟದಲ್ಲಿದ್ದ ಲಾಟ್ವಿಯಾದ ಜನಸಂಖ್ಯೆ 1990ರಲ್ಲಿ 26 ಲಕ್ಷ ದಾಟಿತ್ತು, ಈಗ 19 ಲಕ್ಷದ ಆಸುಪಾಸಿನಲ್ಲಿದೆ. ಜನನ ಕಡಿಮೆಯಾದದ್ದೂ ಸೋವಿಯತ್ ಕುಸಿತವೂ ಇದಕ್ಕೆ ಕಾರಣ. ಆದರೆ 2004ರಲ್ಲಿ ಐರೋಪ್ಯ ಒಕ್ಕೂಟ ಸೇರಿದ ಮೇಲೆ ವಲಸೆ ಇನ್ನೂ ಸಲೀಸಾಯಿತು. ಬಡ ದೇಶ ತನ್ನ ದುಡ್ಡಲ್ಲಿ ಓದಿಸಿದ ವೈದ್ಯ, ನರ್ಸ್ ಶ್ರೀಮಂತ ದೇಶದ ಆಸ್ಪತ್ರೆ ಸೇರುತ್ತಾರೆ. ಹೋದವರನ್ನು ನಾನಂತೂ ದೂರುವುದಿಲ್ಲ. ಆ ಓದಿನ ಖರ್ಚನ್ನು ಯಾರು ತುಂಬಿಕೊಡಬೇಕು ಅನ್ನುವ ಮಾತನ್ನು ಒಕ್ಕೂಟದ ಸಭೆಗಳಲ್ಲಿ ಇನ್ನೂ ಜೋರಾಗಿ ಕೇಳಬೇಕು.

ಇನ್ನು ಮೂರನೇ ಪ್ರಶ್ನೆ. ಬೇರೆಯಾಗಬಹುದು, ಆದರೆ ಹೇಗೆ ಅನ್ನುವುದು ಒಬ್ಬೊಬ್ಬರದು ಒಂದೊಂದು ಥರ. ಸಿಂಗಪುರ ತಾನಾಗಿ ಹೋಗಲಿಲ್ಲ, ಅದನ್ನು ಕಳಿಸಿದರು. 1963ರಲ್ಲಿ ಮಲೇಷ್ಯಾದ ಭಾಗವಾಗಿತ್ತು. ಜನಾಂಗದ ರಾಜಕೀಯ, ತೆರಿಗೆ ಪಾಲು, ಮಾತು ಕೊಟ್ಟ ಜಂಟಿ ಮಾರುಕಟ್ಟೆ ಬರದೇ ಇದ್ದದ್ದು, ಹೀಗೆ ಜಗಳ ಬೆಳೆಯಿತು. 1965ರ ಆಗಸ್ಟ್ 9ರಂದು ಮಲೇಷ್ಯಾದ ಸಂಸತ್ತು 126 ಮತಗಳಿಂದ, ಒಂದೂ ವಿರೋಧ ಇಲ್ಲದೆ ಅದನ್ನು ಬೇರೆ ಮಾಡಿತು.

ಬ್ರಿಟನ್‌ಗೆ ಐರೋಪ್ಯ ಒಕ್ಕೂಟದಿಂದ ಹೊರಹೋಗುವ ನಿಯಮ ಒಪ್ಪಂದದಲ್ಲೇ ಬರೆದಿತ್ತು. ಆದರೂ 2016ರ ಜೂನ್‌ನ ಜನಮತಗಣನೆಯಿಂದ 2020ರ ಜನವರಿ 31ರವರೆಗೆ ಮೂರೂವರೆ ವರ್ಷ ಹಿಡಿಯಿತು, ಇಬ್ಬರು ಪ್ರಧಾನಿಗಳ ಕುರ್ಚಿ ಹೋಯಿತು. ಎಲ್ಲಕ್ಕಿಂತ ಸಿಕ್ಕಾದದ್ದು ಉತ್ತರ ಐರ್ಲೆಂಡ್. ದಕ್ಷಿಣದ ಐರ್ಲೆಂಡ್ ಒಕ್ಕೂಟದಲ್ಲೇ ಉಳಿದಿತ್ತು. ನಡುವೆ ಮತ್ತೆ ಚೆಕ್‌ಪೋಸ್ಟ್ ಹಾಕಿದರೆ ಉತ್ತರ ಐರ್ಲೆಂಡಿನ ದಶಕಗಳ ಹಿಂಸೆಗೆ ತೆರೆ ಎಳೆದ 1998ರ ಶಾಂತಿ ಒಪ್ಪಂದಕ್ಕೇ ಧಕ್ಕೆ ಅನ್ನುವ ಭಯ. ಕೊನೆಗೆ ಸರಕಿನ ತಪಾಸಣೆಯನ್ನು ಬ್ರಿಟನ್ ಮತ್ತು ಉತ್ತರ ಐರ್ಲೆಂಡಿನ ನಡುವೆ, ಅಂದರೆ ತನ್ನದೇ ದೇಶದ ಎರಡು ಭಾಗಗಳ ಮಧ್ಯೆ ಇಡಬೇಕಾಯಿತು.

ಸುಸೂತ್ರವಾಗಿ ಬೇರೆಯಾದವರೂ ಇದ್ದಾರೆ. ಚೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಎರಡಾಯಿತು, ಒಂದು ಗುಂಡೂ ಹಾರಲಿಲ್ಲ. ನೆಲ, ಕಟ್ಟಡ ಯಾರ ಜಾಗದಲ್ಲಿವೆಯೋ ಅವರಿಗೆ. ಉಳಿದ ಬಹುಪಾಲು ಆಸ್ತಿಯನ್ನು ಜನಸಂಖ್ಯೆ ನೋಡಿ ಚೆಕ್‌ಗೆ ಎರಡು ಪಾಲು, ಸ್ಲೊವಾಕಿಯಾಕ್ಕೆ ಒಂದು ಪಾಲಿನಂತೆ ಹಂಚಿಕೊಂಡರು. ಕರೆನ್ಸಿ ಮಾತ್ರ ಕೆಲವು ತಿಂಗಳಾದರೂ ಒಂದೇ ಇರಲಿ ಅಂದುಕೊಂಡಿದ್ದರು. ಸ್ಲೊವಾಕಿಯಾದ ಹಣದ ಬೆಲೆ ಬೀಳಬಹುದೆಂದು ಜನ ದುಡ್ಡನ್ನು ಚೆಕ್ ಬ್ಯಾಂಕುಗಳಿಗೆ ಸಾಗಿಸತೊಡಗಿದರು, ಫೆಬ್ರುವರಿ 8ಕ್ಕೇ ಅದು ಮುಗಿಯಿತು. ಸುಂಕದ ಒಕ್ಕೂಟವನ್ನು ಮಾತ್ರ ಇಬ್ಬರೂ ಮುರಿಯಲಿಲ್ಲ. 2004ರ ಮೇ 1ರಂದು ಒಂದೇ ದಿನ ಐರೋಪ್ಯ ಒಕ್ಕೂಟ ಸೇರಿದರು. ಇವತ್ತು ಅವರ ನಡುವಿನ ಗಡಿಯನ್ನು ಪಾಸ್‌ಪೋರ್ಟ್ ತೋರಿಸದೆ ದಾಟಬಹುದು. ಸ್ಲೊವಾಕಿಯಾ 2009ರಲ್ಲಿ ಯುರೋ ತೆಗೆದುಕೊಂಡಿತು. ಚೆಕ್‌ನವರು ತಮ್ಮ ಕೊರುನಾವನ್ನೇ ಇಟ್ಟುಕೊಂಡಿದ್ದಾರೆ, ಬಿಟ್ಟುಕೊಡುವ ಅವಸರವೂ ಅವರಲ್ಲಿ ಕಾಣುವುದಿಲ್ಲ.