ಕಂಪನಿ ಕಟ್ಟುವ ಆರೋಗ್ಯ ವಿಮೆ: ಸಂಬಳದಲ್ಲಿ ತೆರಿಗೆ ಎಲ್ಲಿ ಬೀಳುತ್ತದೆ?

(ಇಲ್ಲಿರುವ ಸೆಕ್ಷನ್, ಫಾರಂ ಸಂಖ್ಯೆಗಳು 1961ರ ಆದಾಯ ತೆರಿಗೆ ಕಾಯ್ದೆಯವು, ಅಂದರೆ 2025–26ರ ಸಂಬಳದವರೆಗಿನವು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಅನ್ವಯವಾಗುವುದರಿಂದ ಸಂಖ್ಯೆಗಳು ಬೇರೆಯಾಗುತ್ತವೆ.)

ಪ್ರಶ್ನೆ: ನನ್ನ ಸಿಟಿಸಿ (ನನಗಾಗಿ ಕಂಪನಿ ಮಾಡುವ ವರ್ಷದ ಒಟ್ಟು ವೆಚ್ಚ) ಪತ್ರದಲ್ಲಿ ‘ಗ್ರೂಪ್ ಮೆಡಿಕಲ್ ಇನ್ಶೂರೆನ್ಸ್: ರೂ. 14,400’ ಎಂದಿದೆ. ಈ ಹಣ ಒಮ್ಮೆಯೂ ಕೈಗೆ ಬಂದಿಲ್ಲ. ಇದಕ್ಕೆ ತೆರಿಗೆ ಇದೆಯೇ? ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ತೆರಿಗೆಯ ಆದಾಯದಿಂದ ಕಳೆಯಲು ಬಿಡುವ ಸೆಕ್ಷನ್ 80ಡಿ ಅಡಿಯಲ್ಲಿ ಇದನ್ನು ತೋರಿಸಬಹುದೇ?

ಉತ್ತರ: ತೆರಿಗೆಯೂ ಇಲ್ಲ, 80ಡಿಯೂ ಇಲ್ಲ. ಅನುಮೋದಿತ ವಿಮಾ ಯೋಜನೆಯಲ್ಲಿ ನೌಕರನ ಆರೋಗ್ಯ ವಿಮೆಗೆ ಕಂಪನಿ ತನ್ನ ಕೈಯಿಂದ ಕಟ್ಟುವ ಪ್ರೀಮಿಯಂ ಸೆಕ್ಷನ್ 17(2)ರ ಪ್ರಕಾರ ತೆರಿಗೆಗೆ ಸೇರುವ ಪರ್ಕ್ವಿಸಿಟ್ (ಸಂಬಳದ ಜೊತೆ ಸಿಗುವ ಸೌಲಭ್ಯ) ಅಲ್ಲ. ಇದಕ್ಕೆ ಮೇಲ್ಮಿತಿ ಇಲ್ಲ. ತೆರಿಗೆಯ ಹಳೆಯ ಪದ್ಧತಿ (80ಡಿ ಸಿಗುವುದು), ಹೊಸ ಪದ್ಧತಿ (80ಡಿ ಸಿಗದ್ದು) ಎರಡರಲ್ಲೂ ಇದೇ ನಿಯಮ. 80ಡಿ ಇರುವುದು ನೀವೇ ಕಟ್ಟಿದ ಹಣಕ್ಕೆ ಮಾತ್ರ.

ಆದರೆ ಪೇ ಸ್ಲಿಪ್ ಒಮ್ಮೆ ತೆಗೆದು ನೋಡಿ. ಕೆಲವು ಕಡೆ ಗಳಿಕೆಯ ಕಾಲಂನಲ್ಲಿ ‘ಇನ್ಶೂರೆನ್ಸ್ 1,200’ ಎಂದು ಸೇರಿಸಿ, ಕಡಿತದ ಕಾಲಂನಲ್ಲಿ ಅದೇ 1,200 ಕಳೆಯುತ್ತಾರೆ. ಕೈಗೆ ಬರುವ ಸಂಬಳದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಆದರೆ ಒಟ್ಟು ಸಂಬಳ ವರ್ಷಕ್ಕೆ 14,400 ಉಬ್ಬುತ್ತದೆ. ಶೇ 30ರ ಸ್ಲ್ಯಾಬ್‌ನಲ್ಲಿ ಇರುವವರಿಗೆ ಸೆಸ್ ಸೇರಿ ಸುಮಾರು 4,493 ರೂಪಾಯಿ ತೆರಿಗೆ ಸುಮ್ಮನೆ ಹೋಗುತ್ತದೆ. ಹಳೆಯ ಪದ್ಧತಿಯವರು ಇದನ್ನು ತಾವು ಕಟ್ಟಿದ ಪ್ರೀಮಿಯಂ ಎಂದು 80ಡಿಯಲ್ಲಿ ಕೇಳಬಹುದು. ಹೊಸ ಪದ್ಧತಿಯವರಿಗೆ ಆ ದಾರಿಯೂ ಇಲ್ಲ. ಪ್ರೀಮಿಯಂ ಅನ್ನು ಗಳಿಕೆಯಿಂದ ತೆಗೆದು, ಕಂಪನಿಯ ಪಾಲಿನ ಪಿಎಫ್ ತೋರಿಸುವ ಹಾಗೆ ‘ಉದ್ಯೋಗದಾತರ ವೆಚ್ಚ’ವಾಗಿ ತೋರಿಸಿ ಎಂದು ಎಚ್‌ಆರ್‌ಗೆ ಬರೆದು ಕೇಳಿ. ಆರ್ಥಿಕ ವರ್ಷದ ಮೊದಲ ತಿಂಗಳಾದ ಏಪ್ರಿಲ್‌ನಲ್ಲೇ ಕೇಳಿದರೆ ಒಳ್ಳೆಯದು.

ಪ್ರಶ್ನೆ: ತಂದೆಗೆ 67, ತಾಯಿಗೆ 63. ಇಬ್ಬರನ್ನೂ ಕಂಪನಿಯ ಪಾಲಿಸಿಗೆ ಸೇರಿಸಿದ್ದಕ್ಕೆ ನನ್ನ ಸಂಬಳದಿಂದ ತಿಂಗಳಿಗೆ 7,000ದಂತೆ ಆರು ಕಂತು ಹಿಡಿದರು. 80ಡಿ ಸರ್ಟಿಫಿಕೇಟ್ ಕೇಳಿದರೆ ‘ಗ್ರೂಪ್ ಪಾಲಿಸಿಗೆ ಕೊಡುವುದಿಲ್ಲ’ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಇದು ನಿಮ್ಮದೇ ಹಣ, ಅದೂ ತೆರಿಗೆ ಲೆಕ್ಕ ಹಾಕಿದ ಮೇಲಿನ ಸಂಬಳದಿಂದ ಹೋದದ್ದು. ಹಳೆಯ ಪದ್ಧತಿಯಲ್ಲಿ ಇದ್ದರೆ ಪೂರ್ತಿ 42,000ಕ್ಕೆ 80ಡಿ ಸಿಗುತ್ತದೆ. ತಂದೆ ತಾಯಿಗೆ ಪ್ರತ್ಯೇಕ ಮಿತಿ 25,000. ಅವರಲ್ಲಿ 60 ದಾಟಿದವರಿದ್ದರೆ 50,000. ಅವರು ನಿಮ್ಮನ್ನೇ ಅವಲಂಬಿಸಿರಬೇಕು ಎಂದೇನೂ ಇಲ್ಲ. ಅತ್ತೆ ಮಾವನ ಪ್ರೀಮಿಯಂ ಮಾತ್ರ ಇದರಲ್ಲಿ ಬರುವುದಿಲ್ಲ. ಶೇ 20ರ ಸ್ಲ್ಯಾಬ್‌ನಲ್ಲಿ ನಿಮಗೆ ಉಳಿಯುವುದು ಸೆಸ್ ಸೇರಿ 8,736 ರೂಪಾಯಿ. ಬಿಟ್ಟುಕೊಡುವಷ್ಟು ಸಣ್ಣ ಮೊತ್ತವಲ್ಲ.

ಗ್ರೂಪ್ ಪಾಲಿಸಿ ಇರುವುದು ಕಂಪನಿಯ ಹೆಸರಿನಲ್ಲಿ. ಆದ್ದರಿಂದ ವಿಮಾ ಕಂಪನಿ ನಿಮ್ಮ ಹೆಸರಿಗೆ ಸರ್ಟಿಫಿಕೇಟ್ ಕೊಡದಿರುವುದು ಸಾಮಾನ್ಯ. ಅದರ ಬದಲು ಎಚ್‌ಆರ್‌ನಿಂದ ಲೆಟರ್‌ಹೆಡ್ ಮೇಲೆ ಒಂದು ಪತ್ರ ಪಡೆಯಿರಿ. ಅದರಲ್ಲಿ ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ತಂದೆ ತಾಯಿಯ ಹೆಸರು ಮತ್ತು ವಯಸ್ಸು, ನಿಮ್ಮ ಸಂಬಳದಿಂದ ಯಾವ ತಿಂಗಳು ಎಷ್ಟು ಹಿಡಿದರು ಎಂಬುದು ಇರಲಿ. ರಿಟರ್ನ್‌ನ 80ಡಿ ಶೆಡ್ಯೂಲ್‌ನಲ್ಲಿ ಈಗ ವಿಮಾ ಕಂಪನಿಯ ಹೆಸರನ್ನೂ ಪಾಲಿಸಿ ಸಂಖ್ಯೆಯನ್ನೂ ಕೇಳುತ್ತಾರೆ, ಪತ್ರವಿಲ್ಲದೆ ಅಲ್ಲೇ ಸಿಕ್ಕಿಬೀಳುತ್ತೀರಿ. ಆರು ತಿಂಗಳ ಪೇ ಸ್ಲಿಪ್‌ಗಳನ್ನೂ ಪತ್ರದ ಜೊತೆ ಇಟ್ಟುಕೊಳ್ಳಿ. ಕಂತುಗಳು ಮಾರ್ಚ್ ದಾಟಿ ಹೋದರೆ, ಆಯಾ ವರ್ಷ ಹಿಡಿದದ್ದು ಆಯಾ ವರ್ಷದ ಲೆಕ್ಕಕ್ಕೆ.

ಪ್ರೀಮಿಯಂನ ಅರ್ಧ ಕಂಪನಿ ಭರಿಸಿದ್ದರೆ ನಿಮ್ಮ ಅರ್ಧಕ್ಕೆ ಮಾತ್ರ 80ಡಿ. ಇಲ್ಲಿ ಪೂರ್ತಿ ಮೊತ್ತ ಹಾಕಿಬಿಡುವವರು ಬಹಳ.

ಕಂಪನಿಗೆ ಫಾರಂ 12ಬಿಬಿ (ತೆರಿಗೆ ಉಳಿಸುವ ಬಾಬತ್ತುಗಳನ್ನು ತಿಳಿಸುವ ನಮೂನೆ) ಜೊತೆ ದಾಖಲೆ ಕೊಡುವ ಗಡುವು ತಪ್ಪಿದ್ದರೆ ರಿಟರ್ನ್‌ನಲ್ಲೇ ಕೇಳಿ, ಹೆಚ್ಚಾದ ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಮರಳಿ ಬರುತ್ತದೆ. ಕಂಪನಿ ಹೊಸ ಪದ್ಧತಿಯಲ್ಲಿ ಟಿಡಿಎಸ್ ಹಿಡಿದಿದ್ದರೂ, ವ್ಯಾಪಾರದ ಆದಾಯ ಇಲ್ಲದ ಸಂಬಳದಾರರು ರಿಟರ್ನ್‌ನಲ್ಲಿ ಹಳೆಯದನ್ನು ಆರಿಸಬಹುದು. ಆದರೆ ಕೊನೆಯ ದಿನಾಂಕದೊಳಗೆ ಸಲ್ಲಿಸಲೇಬೇಕು. ತಡವಾದರೆ ಹೊಸ ಪದ್ಧತಿಯೇ ಗಟ್ಟಿ, 80ಡಿ ಹೋದಂತೆಯೇ.

ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳಿಗೆ ಜಿಎಸ್‌ಟಿ ಇಲ್ಲ. ಆ ವಿನಾಯಿತಿ ಗ್ರೂಪ್ ಪಾಲಿಸಿಗೆ ಸಿಕ್ಕಿಲ್ಲ. ಮುಂದಿನ ನವೀಕರಣಕ್ಕೆ ಮೊದಲು ಎರಡರ ದರವನ್ನೂ ಹೋಲಿಸಿ. ಹಾಗೆಂದು ಮೊದಲಿನಿಂದ ಇರುವ ಕಾಯಿಲೆಗೆ ಗ್ರೂಪ್ ಪಾಲಿಸಿಯಲ್ಲಿ ಕಾಯುವ ಅವಧಿ ಇಲ್ಲದಿದ್ದರೆ ಅವಸರದಲ್ಲಿ ಬಿಡಬೇಡಿ.

ಪ್ರಶ್ನೆ: ನಾನೇ ಪಾಲಿಸಿ ಕೊಂಡು 31,000 ಕಟ್ಟಿದೆ. ಕಂಪನಿ 20,000 ಮರಳಿಸುತ್ತದೆ. ಅದು ಆದಾಯವೇ?

ಉತ್ತರ: ನಿಮ್ಮ ಅಥವಾ ಕುಟುಂಬದ ಪಾಲಿಸಿಯ ರಸೀದಿ ಪಡೆದು ಮರಳಿಸಿದರೆ ತೆರಿಗೆ ಇಲ್ಲ. ಉಳಿದ 11,000ಕ್ಕೆ, ಹಳೆಯ ಪದ್ಧತಿಯಲ್ಲಿ, 80ಡಿ ಕೇಳಬಹುದು. ಪ್ರೀಮಿಯಂ ನಗದಾಗಿ ಕಟ್ಟಿದ್ದರೆ ಅದೂ ಸಿಗದು. ರಸೀದಿ ಕೇಳದೆ ಪ್ರತಿ ತಿಂಗಳು ‘ಮೆಡಿಕಲ್ ಅಲೊವೆನ್ಸ್’ ಎಂದು ಕೊಟ್ಟರೆ ಪೂರ್ತಿ ತೆರಿಗೆ. ಔಷಧಿ ಬಿಲ್ ಕೊಟ್ಟು 15,000ದವರೆಗೆ ವಿನಾಯಿತಿ ಪಡೆಯುವ ಹಳೆಯ ಅವಕಾಶ 2018–19ರಿಂದಲೇ ಇಲ್ಲ. ಇನ್ನೂ ಅದನ್ನು ನಂಬಿ ಬಿಲ್ ಕೂಡಿಡುವವರಿದ್ದಾರೆ.

ಪ್ರಶ್ನೆ: ಹೆಂಡತಿಯ ಆಪರೇಷನ್ ಬಿಲ್ 6.8 ಲಕ್ಷ. ವಿಮೆಯಿಂದ 5 ಲಕ್ಷ ಬಂತು, ಉಳಿದ 1.8 ಲಕ್ಷವನ್ನು ಕಂಪನಿ ಆಸ್ಪತ್ರೆಗೆ ಕಟ್ಟಿತು. ತೆರಿಗೆ ಬರುತ್ತದೆಯೇ?

ಉತ್ತರ: ವಿಮೆಯ 5 ಲಕ್ಷಕ್ಕೆ ಇಲ್ಲ. ಕಂಪನಿಯ 1.8 ಲಕ್ಷದ ಮಾತು ಆಸ್ಪತ್ರೆ ಯಾವುದು ಎಂಬುದರ ಮೇಲೆ ನಿಂತಿದೆ. ಸರ್ಕಾರಿ ಆಸ್ಪತ್ರೆಯೋ, ಸರ್ಕಾರ ತನ್ನ ನೌಕರರ ಚಿಕಿತ್ಸೆಗೆ ಅನುಮೋದಿಸಿದ ಆಸ್ಪತ್ರೆಯೋ, ಕಂಪನಿಯೇ ನಡೆಸುವ ಆಸ್ಪತ್ರೆಯೋ ಆದರೆ ತೆರಿಗೆ ಇಲ್ಲ. ಬೇರೆ ಖಾಸಗಿ ಆಸ್ಪತ್ರೆಯಾದರೆ ಎರಡು ಷರತ್ತು: ಆದಾಯ ತೆರಿಗೆಯ ಮುಖ್ಯ ಆಯುಕ್ತರು ಅದನ್ನು ಅನುಮೋದಿಸಿರಬೇಕು, ಕಾಯಿಲೆ ನಿಯಮ 3ಎ ಪಟ್ಟಿಯಲ್ಲಿರಬೇಕು (ಕ್ಯಾನ್ಸರ್, ಕ್ಷಯ, ಶಸ್ತ್ರಚಿಕಿತ್ಸೆ ಬೇಕಾದ ಹೃದಯ, ಪಿತ್ತಕೋಶ, ಸ್ತ್ರೀರೋಗ ಸಮಸ್ಯೆಗಳು ಇತ್ಯಾದಿ). ಕಾಯಿಲೆಯ ಹೆಸರಿರುವ ಪ್ರಮಾಣಪತ್ರ, ಹಣ ಸಂದ ರಸೀದಿ, ಅನುಮೋದನೆ ಆದೇಶದ ಪ್ರತಿ, ಈ ಮೂರನ್ನೂ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಿಂದ ಪಡೆದು ಪೇರೋಲ್‌ಗೆ ಕೊಡಿ.

ಇಲ್ಲದಿದ್ದರೆ 1.8 ಲಕ್ಷ ಪರ್ಕ್ವಿಸಿಟ್ ಆಗಿ ಸಂಬಳಕ್ಕೆ ಸೇರುತ್ತದೆ. ಜೂನ್‌ನಲ್ಲಿ ಸೇರಿದರೆ ಹೆಚ್ಚುವರಿ ಟಿಡಿಎಸ್ ಉಳಿದ ತಿಂಗಳುಗಳಿಗೆ ಹಂಚಿಹೋಗುತ್ತದೆ. ಮಾರ್ಚ್‌ನಲ್ಲಿ ಸೇರಿದರೆ ಆ ಒಂದೇ ತಿಂಗಳ ಸಂಬಳದಲ್ಲಿ ಎಲ್ಲವನ್ನೂ ಹಿಡಿಯುತ್ತಾರೆ. ಯಾವ ತಿಂಗಳು ಸೇರಿಸುತ್ತಾರೆ ಎಂದು ಈಗಲೇ ಕೇಳಿ ತಿಳಿದುಕೊಳ್ಳಿ.